ಒಗೆಯುವ ಕಲ್ಲಿನೊಳಗಿನ ನೀರು

ವಿದ್ಯೆಯ ನಿಜವಾದ ಪ್ರಯೋಜನ ಲೋಕೋಪಕಾರ ಎಂಬುದನ್ನು ನಾನು ಗಂಭೀರವಾಗಿ ನಂಬಿದವನು. ನನ್ನ ವಿದ್ಯೆಯಿಂದ ಲೋಕಕ್ಕೆ ಈವರೆಗೆ ಆಗಿರುವುದು ಇಷ್ಟು: ಎರಡು ಅಂಗಿ, ಒಂದು ಪಂಚೆ ಮತ್ತು ಒಂದು ಬೆಡ್‌ಶೀಟು ಹರಿದಿವೆ. ಪಂಚೆ ನಮ್ಮ ಮಾವನವರದು.

ಮೂವತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿ ನಿವೃತ್ತನಾದವನು ನಾನು. ಕಲ್ಲಿನ ವಿಷಯದಲ್ಲಿ ಯಾರು ಏನು ಕೇಳಿದರೂ ಉತ್ತರ ಕೊಡಬಲ್ಲೆನೆಂಬ ಧೈರ್ಯ ನನಗೆ ಯಾವಾಗಲೂ ಇತ್ತು. ತೊಂದರೆಯೆಂದರೆ ಯಾರೂ ಕೇಳುತ್ತಿರಲಿಲ್ಲ. ಕೆಜಿಎಫ್ ಸುತ್ತಮುತ್ತ ಭೂವಿಜ್ಞಾನದ ಮೇಷ್ಟ್ರು ಎಂದೊಡನೆ ಜನ ಕೇಳುವುದು ಒಂದೇ ಪ್ರಶ್ನೆ: “ಸಾರ್, ಕೆಳಗಡೆ ಇನ್ನೂ ಚಿನ್ನ ಐತಾ?” ನಾನು ಗಂಟಲು ಸರಿಮಾಡಿಕೊಂಡು, ಇದನ್ನು ಮೂರು ದೃಷ್ಟಿಗಳಿಂದ ನೋಡಬೇಕಾಗುತ್ತದೆ ಎಂದು ಶುರುಮಾಡುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿರುತ್ತಾರೆ. ಮನೆಯಲ್ಲಂತೂ ನನ್ನ ವಿಷಯ ಧೂಳಿನ ರೂಪದಲ್ಲಿ ಮಾತ್ರ ಪರಿಚಿತ. ನನ್ನ ಕಲ್ಲುಗಳ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಅಟ್ಟಕ್ಕೂ ಅಟ್ಟದಿಂದ ಸ್ಕೂಟರ್ ನಿಲ್ಲಿಸುವ ಶೆಡ್ಡಿಗೂ ವರ್ಗ ಮಾಡುವುದಷ್ಟೇ ನನ್ನ ಹೆಂಡತಿ ಶಾರದೆಗೂ ಭೂವಿಜ್ಞಾನಕ್ಕೂ ಇದ್ದ ನಂಟು. ಒಮ್ಮೆ ಅದರಲ್ಲಿದ್ದ ಅಪರೂಪದ ತುಂಡೊಂದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಕುಳಿತಿದ್ದನ್ನು ಕಂಡು ನಾನು ನೊಂದುಕೊಂಡಾಗ, “ಸದ್ಯ, ಒಂದಾದ್ರೂ ಉಪಯೋಗಕ್ಕೆ ಬಂತಲ್ಲ” ಎಂದಳು.

ಹೀಗಿರುವಾಗ ನಾವು ಉರಿಗಾಂನಲ್ಲಿ ಗಣಿಯವರು ಸಾಲಾಗಿ ಕಟ್ಟಿದ್ದ ಹಳೆಯ ಲೈನ್ ಮನೆಯನ್ನು ಬಿಟ್ಟು ಬಂಗಾರಪೇಟೆಯಲ್ಲಿ ಕಟ್ಟಿಸಿದ ಮನೆಗೆ ಬಂದೆವು. ಎಲ್ಲ ಸಾಮಾನೂ ಬಂತು. ಬಟ್ಟೆ ಒಗೆಯುವ ಕಲ್ಲು ಮಾತ್ರ ಬರಲಿಲ್ಲ. ಅದನ್ನು ನಲ್ಲಿಯ ಪಕ್ಕ ಸಿಮೆಂಟಿನಲ್ಲಿ ಹೂತಿದ್ದರು. ವಾಷಿಂಗ್ ಮಷೀನ್ ಇದೆ, ಆದರೆ ಕಾಲರಿನ ಕೊಳೆ, ಪಂಚೆ, ಬೆಡ್‌ಶೀಟುಗಳ ವಿಷಯದಲ್ಲಿ ಶಾರದೆ ಅದನ್ನು ನಂಬುವುದಿಲ್ಲ. ಅದು ಬಟ್ಟೆಯನ್ನು ಸುತ್ತಾಡಿಸುತ್ತದೆಯೇ ಹೊರತು ಒಗೆಯುವುದಿಲ್ಲ ಎಂಬುದು ಅವಳ ತೀರ್ಮಾನ.

“ರೀ, ಮೂವತ್ತು ವರ್ಷ ಕಲ್ಲಿನ ಪಾಠ ಮಾಡಿದೀರ. ಒಂದು ಒಗೆಯೋ ಕಲ್ಲು ನೋಡ್ಕೊಂಡ್ ಬನ್ನಿ ನೋಡೋಣ” ಎಂದಳು ಒಂದು ಬೆಳಿಗ್ಗೆ.

ಈ ಮಾತಿನ ತೂಕ ಓದುಗರಿಗೆ ತಿಳಿಯಬೇಕು. ಮದುವೆಯಾದ ಮೇಲೆ ನನ್ನ ಶಾಸ್ತ್ರಕ್ಕೆ ಮನೆಯೊಳಗಿಂದ ಬಂದ ಮೊದಲ ಕರೆ ಅದು. ಇಲ್ಲಿ ಗೆದ್ದರೆ ಇನ್ನು ಮುಂದೆ ಕಲ್ಲಿನ ವಿಷಯದಲ್ಲಾದರೂ ಈ ಮನೆಯಲ್ಲಿ ನನ್ನ ಮಾತು ನಡೆಯುತ್ತದೆ. ಸೋತರೆ ನಾನೂ ಪೆಟ್ಟಿಗೆಯೂ ಒಟ್ಟಿಗೆ ಶೆಡ್ಡಿಗೆ. “ನಾನೂ ಬರ್ತೀನಿ. ಒಂದು ಹಳೇ ಟವೆಲ್ ನೆನೆಸಿ ಕಲ್ಲಿನ ಮೇಲೆ ಎಳೆದು ನೋಡ್ಬೇಕು. ನಮ್ಮಮ್ಮ ಹಂಗೇ ನೋಡ್ತಿದ್ದಿದ್ದು” ಎಂದಳು. ಇದು ಟವೆಲ್ಲಿನ ವಿಷಯವಲ್ಲ, ಶಿಲಾಶಾಸ್ತ್ರದ ವಿಷಯ ಎಂದು ಹೇಳಿ ನಾನೊಬ್ಬನೇ ಹೊರಟೆ.

ಕ್ಯಾಸಂಬಳ್ಳಿ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲೇ ಮುನಿವೆಂಕಟಪ್ಪ ಎಂಬವನು ಕಲ್ಲು ಕೆತ್ತುತ್ತಾನೆ. ನಾನು ಹೋದಾಗ ಉಳಿ ಚೂಪು ಮಾಡುತ್ತಿದ್ದ. “ಒಗೆಯೋ ಕಲ್ಲಾ ಸಾ? ಇಂಗ್ ಬನ್ನಿ” ಎಂದು ಒಂದು ಕರಿಕಲ್ಲಿನ ಹಾಸನ್ನು ತೋರಿಸಿ ಸುತ್ತಿಗೆಯಿಂದ ತಟ್ಟಿದ. ಅದು ಗಂಟೆಯ ಹಾಗೆ ನುಡಿಯಿತು. ನನಗೆ ಹಿಡಿಸಲಿಲ್ಲ. ಕರ್ರಗಿನ, ಸಾದಾ ಕಲ್ಲು. ಹುಡುಕಿದರೂ ಕಣ್ಣಿಗೆ ಒಂದು ಹರಳು ಕಾಣದು. ಭೂಮಿಯ ಬಿರುಕಿನೊಳಕ್ಕೆ ನುಗ್ಗಿ ಅವಸರದಲ್ಲಿ ತಣಿದ ಜಾತಿ. ಇಂಥದ್ದನ್ನು ಆರಿಸಲು ಮೂವತ್ತು ವರ್ಷದ ಓದು ಯಾಕೆ ಬೇಕು?

ಅಷ್ಟರಲ್ಲಿ ಅವನ ಕೊಟ್ಟಿಗೆಯ ಮುಂದೆ ಬಿದ್ದಿದ್ದ ಇನ್ನೊಂದು ಕಲ್ಲು ಕಣ್ಣಿಗೆ ಬಿತ್ತು. ತಿಳಿಗುಲಾಬಿ ಬಣ್ಣ. ಹೆಬ್ಬೆರಳಿಗಿಂತ ದಪ್ಪನೆಯ ಫೆಲ್ಡ್‌ಸ್ಪಾರ್ ಹರಳುಗಳು, ನಡುವೆ ಬೂದು ಬಣ್ಣದ ಬೆಣಚು, ಅಲ್ಲಲ್ಲಿ ಪುಸ್ತಕದ ಹಾಳೆಗಳಂತೆ ಪದರಪದರವಾದ ಕಾಗೆಬಂಗಾರ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಪೆಗ್ಮಟೈಟ್ ಎನ್ನುತ್ತಾರೆ. ಎಮ್ಮೆಯೊಂದು ಅದಕ್ಕೆ ಮೈ ಉಜ್ಜುತ್ತಿತ್ತು. ಎಮ್ಮೆಯ ಅಭಿರುಚಿಯ ಬಗ್ಗೆ ನನಗೆ ಗೌರವ ಮೂಡಿತು.

“ಅದು ಬ್ಯಾಡ ಸಾ” ಎಂದ ಮುನಿವೆಂಕಟಪ್ಪ. “ಅದ್ರಲ್ಲಿ ನಂಬ್ಕೆ ಇಲ್ಲ. ಉಳಿ ಇಕ್ಕಿದ್ರೆ ಎತ್ಲಾಗ್ ಸೀಳ್ತದೋ ಅದ್ಕೇ ಗೊತ್ತಿರಲ್ಲ.”

“ಮುನಿವೆಂಕಟಪ್ಪ, ಈ ಹರಳು ಇಷ್ಟು ದಪ್ಪ ಯಾಕಿದೆ ಗೊತ್ತಾ?”

“ದ್ಯಾವ್ರು ಇಟ್ಟಿದ್ದು ಸಾ.”

“ನೀರು” ಎಂದೆ.

ಅವನು ಒಮ್ಮೆ ಆಕಾಶ ನೋಡಿದ, ಒಮ್ಮೆ ಎಮ್ಮೆಯನ್ನು ನೋಡಿದ. ನಾನು ಬೇಲಿಗೆ ನೆಡುವ ಕೂಚದ ಕಲ್ಲೊಂದರ ಮೇಲೆ ಕುಳಿತು ವಿವರಿಸಿದೆ. ನೆಲದ ಆಳದಲ್ಲಿ ಬಂಡೆ ಕರಗಿ ರಸವಾಗಿರುತ್ತದೆ, ಅದೇ ಶಿಲಾಪಾಕ. ಗೋಲಿ ಸೋಡಾದೊಳಗೆ ಗ್ಯಾಸು ಅಡಗಿರುವಂತೆ, ಮೇಲಿನ ಒತ್ತಡಕ್ಕೆ ಸಿಕ್ಕಿ ಆ ರಸದೊಳಗೆ ನೀರು ಕರಗಿರುತ್ತದೆ. ನೀರಿದ್ದರೆ ರಸ ತೆಳ್ಳಗಾಗುತ್ತದೆ, ತಣಿದರೂ ಬೇಗ ಹೆಪ್ಪುಗಟ್ಟುವುದಿಲ್ಲ. ಹರಳಿನ ಬೀಜಗಳು ಅಲ್ಲೊಂದು ಇಲ್ಲೊಂದು ಹುಟ್ಟುತ್ತವೆ. ಹುಟ್ಟಿದ್ದಕ್ಕೆ ಬೇಕಾದ ಸರಕೆಲ್ಲ ತೆಳ್ಳನೆಯ ರಸದಲ್ಲಿ ದೂರದಿಂದಲೂ ಸಲೀಸಾಗಿ ಬಂದು ಸೇರುತ್ತದೆ. ಹರಳು ಹೀಗೆ ಕೊಬ್ಬುತ್ತದೆ. ಒತ್ತಡ ತಪ್ಪಿ ನೀರು ಆವಿಯಾಗಿ ಹಾರಿಹೋಯಿತೋ, ಕೆಲಸ ಕೆಟ್ಟಿತು. ರಸ ಇನ್ನೂ ಬಿಸಿಯಾಗಿದ್ದರೂ ಇದ್ದಲ್ಲೇ ಗಟ್ಟಿಯಾಗತೊಡಗುತ್ತದೆ. ಲೆಕ್ಕವಿಲ್ಲದಷ್ಟು ಬೀಜಗಳು ಒಟ್ಟಿಗೇ ಹುಟ್ಟಿ, ಯಾವುದಕ್ಕೂ ಜಾಗ ಸಾಲದೆ ಎಲ್ಲವೂ ಪುಡಿ ಹರಳಾಗಿ ಉಳಿಯುತ್ತವೆ.

ಮುನಿವೆಂಕಟಪ್ಪ ಪೂರ್ತಿ ಕೇಳಿದ. ನನ್ನ ವಿದ್ಯಾರ್ಥಿಗಳಲ್ಲಿ ಆ ಗುಣ ಕಡಿಮೆಯಿತ್ತು. ಕೊನೆಗೆ, “ಅಂಗಾದ್ರೆ ತಗೊಂಡೋಗಿ ಸಾ. ಅದಕ್ಕೇನೂ ಕೊಡ್ಬ್ಯಾಡಿ” ಎಂದ. ವಿದ್ಯೆಗೆ ಹಳ್ಳಿಗಳಲ್ಲಿ ಇನ್ನೂ ಮರ್ಯಾದೆಯಿದೆ ಎಂದುಕೊಂಡೆ.

ಹಿತ್ತಲಿನ ನಲ್ಲಿಯ ಪಕ್ಕ ಕಲ್ಲು ಕುಳಿತಿತು. ಬಿಸಿಲು ಬಿದ್ದಾಗ ಜಗಮಗ ಎನ್ನುತ್ತಿತ್ತು. ಶಾರದೆ ಅದರ ಮೇಲೆ ಅಂಗೈ ಆಡಿಸಿ, “ತರಿತರಿಯಾಗಿದೆಯಲ್ಲ” ಎಂದಳು. “ತರಿಯಲ್ಲ, ಅದು ಕರಗಿದ್ದ ನೀರಿನ ಮಹಿಮೆ” ಎಂದೆ. ಅವಳು ನಲ್ಲಿಯ ಕಡೆ ನೋಡಿದಳು.

ಮೊದಲ ವಾರ ನನ್ನ ಎರಡು ಅಂಗಿಗಳ ಬೆನ್ನು ಜಾಲರಿಯಾಯಿತು. ಉಳಿದವು ಹರಿಯಲಿಲ್ಲ, ಆದರೆ ಕಾಗೆಬಂಗಾರದ ಚೂರುಗಳು ಅಂಟಿಕೊಂಡು ಮಿನುಗತೊಡಗಿದವು. ಹಾಲಿನ ಅಂಗಡಿಯಲ್ಲಿ ಒಬ್ಬರು, “ಏನ್ ಮೇಷ್ಟ್ರೇ, ನಾಟಕಕ್ಕೆ ಸೇರ್ಕೊಂಡ್ರಾ?” ಎಂದು ಕೇಳಿದರು. ಹೊಸ ಕಲ್ಲು, ನಾಲ್ಕು ದಿನ ಪಳಗಬೇಕು ಎಂದು ಶಾರದೆಗೆ ಸಮಾಧಾನ ಹೇಳಿದೆ. ಅವಳು ಸ್ನಾನಕ್ಕೆ ಹೋದಾಗಲೆಲ್ಲ ನಾನು ಅವಳ ಚಿಮಟದಿಂದ ಕಾಗೆಬಂಗಾರದ ಪದರಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದೆ. ಒಂದು ಕಿತ್ತರೆ ಕೆಳಗೆ ಇನ್ನೊಂದಿರುತ್ತಿತ್ತು. ಪದರಪದರವಾಗಿರುವುದು ಅದರ ಲಕ್ಷಣ ಎಂದು ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೆ.

ಎರಡನೆಯ ವಾರ ನಮ್ಮ ಮಾವನವರು ಬಂದರು. ಎಂಬತ್ತು ದಾಟಿದ್ದರೂ ಉರಿಗಾಂನಲ್ಲಿ ತಾವೇ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದು ನಡೆದು ಬರುವವರು. ಗಣಿ ಮುಚ್ಚುವವರೆಗೂ ನೆಲದಡಿಯ ಸುರಂಗಗಳಲ್ಲಿ ಚಾವಣಿ ಕುಸಿಯದಂತೆ ಮರದ ಆಸರೆ ಕಟ್ಟುತ್ತಿದ್ದವರು. ಬಂದ ಮಾರನೆಯ ದಿನ ಅವರ ಪಂಚೆ ಆ ಕಲ್ಲಿನ ಮೇಲೆ ಹೋಯಿತು. ಸಂಜೆ ಅದನ್ನು ಬೆಳಕಿಗೆ ಹಿಡಿದು, ಒಂದು ತೂತಿನಿಂದ ನನ್ನನ್ನೇ ನೋಡುತ್ತಾ, “ಅಳಿಯಂದ್ರೇ, ಈ ಕಲ್ಲು ಯಾರು ಆರಿಸಿದ್ದು?” ಎಂದರು.

“ನಾನೇ, ಮಾವ.”

“ನೀವೇ ಅಂತ ಗೊತ್ತಿತ್ತು. ಇದ್ನೇ ಯಾಕೆ ಆರಿಸಿದ್ರಿ?”

ಮತ್ತೆ ಗೋಲಿ ಸೋಡಾದಿಂದ ಶುರುಮಾಡಿದೆ. ಅವರು ತಲೆದೂಗುತ್ತಿದ್ದುದರಿಂದ ಹುಮ್ಮಸ್ಸು ಬಂದು ಉಪಮೆಗೂ ಕೈಹಾಕಿದೆ. “ನಿಮ್ಮ ರೈಲೇ ತಗೊಳ್ಳಿ ಮಾವ. ನೀರಿರುವ ರಸ ಅಂದರೆ ಮಧ್ಯಾಹ್ನದ ಖಾಲಿ ಬೋಗಿ. ಓಡಾಡಲು ಜಾಗವಿದೆ, ಜನ ಕಡಿಮೆ, ಒಬ್ಬೊಬ್ಬನೂ ಒಂದೊಂದು ಬೆಂಚಿನ ಉದ್ದಕ್ಕೂ ಕಾಲು ಚಾಚುತ್ತಾನೆ. ಅವನೇ ದಪ್ಪ ಹರಳು. ನೀರಿಲ್ಲದ್ದು ಬೆಳಗಿನ ಗಾಡಿ. ಒಬ್ಬರ ಮೇಲೊಬ್ಬರು, ಎಲ್ಲರೂ ಪುಡಿ ಹರಳು.”

ಮಾವನವರು ಪಂಚೆಯನ್ನು ಮಡಿಲಿಗೆ ಹಾಕಿಕೊಂಡರು. “ಬೆಳಗಿನ ಗಾಡಿಲಿ ಎಷ್ಟು ಬ್ರೇಕ್ ಆಕಿದ್ರೂ ಯಾವನೂ ಬೀಳಲ್ಲ. ಅಲ್ಲಾಡಾಕೇ ಜಾಗ ಇರಲ್ಲ. ಬೀಳೋದು ಖಾಲಿ ಬೋಗಿಲಿ ನಿಂತಿರೋನೇ” ಎಂದರು. “ಕೆಳಗಡೆ ಕೆಲ್ಸ ಮಾಡೋವಾಗ ಇಂಥ ದಪ್ಪ ಹರಳಿನ ಪಟ್ಟೆ ಕಂಡ್ರೆ ನಾವು ಇನ್ನೆರಡು ಮರ ಜಾಸ್ತಿ ಕೊಡ್ತಿದ್ವಿ. ಅದ್ ಸರಿ, ನಿಮ್ಮ ಆ ನೀರು ಈಗೆಲ್ಲೋಯ್ತು?”

“ಬಹುಪಾಲು ಹೋಯಿತು ಮಾವ. ಸ್ವಲ್ಪ ಕಾಗೆಬಂಗಾರದ ಒಳಗೆ ಸೇರಿಕೊಂಡು ಇನ್ನೂ ಹಾಗೇ ಇದೆ.”

“ಆ ಕಾಗೆಬಂಗಾರ ನನ್ ಪಂಚೇಲೈತೆ. ಶಾರದಾ, ಪಂಚೆ ಇನ್ನೂ ಒಣಗಿಲ್ವಂತಮ್ಮ, ಬಿಸಿಲಿಗಾಕು.”

ಶಾರದೆ ನಗಲಿಲ್ಲ. “ನೋಡ್ರೀ, ಇನ್ನೊಂದು ಬಟ್ಟೆ ಹೋದ್ರೆ ಈ ಮನೇಲಿ ಕಲ್ಲಿನ ವಿಷಯ ನೀವು ಮಾತಾಡೋ ಹಂಗಿಲ್ಲ” ಎಂದಳು. ತಂದೆಯ ಎದುರಿಗೆ ಹೇಳಿದ ಮಾತು. ಅದಕ್ಕೆ ಸಾಕ್ಷಿಯೂ ಇದ್ದಂತಾಯಿತು. ದೋಷ ಕಲ್ಲಿನದಲ್ಲ, ಒಗೆಯುವ ಕ್ರಮದ್ದು ಎಂದೆ. “ಆ ಕ್ರಮ ನೀವೇ ತೋರಿಸಿ” ಎಂದು ಅವಳು ಬೆಡ್‌ಶೀಟು ತಂದು ಬಕೆಟ್ಟಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ ನಿಂತೆ. ಶಾರದೆ ಬಾಗಿಲಲ್ಲಿ, ಮಾವನವರು ಕುರ್ಚಿಯಲ್ಲಿ. ಪರೀಕ್ಷಕರ ಮುಂದೆ ಕೂತ ಅನುಭವ ನನಗೆ ಹೊಸದಲ್ಲ, ಆದರೆ ಅಲ್ಲಿ ಮೈಮೇಲೆ ಒಣಬಟ್ಟೆ ಇರುತ್ತಿತ್ತು. ಮೊದಲು ಬೆಡ್‌ಶೀಟನ್ನು ಮೆಲ್ಲಗೆ ಸವರಿದೆ. “ಮಗೂಗೆ ಎಣ್ಣೆ ಅಚ್ಚುತಾವ್ರೆ” ಎಂದರು ಮಾವನವರು. ಅಭಿಮಾನಕ್ಕೆ ಪೆಟ್ಟು ಬಿದ್ದು, ಬೆಡ್‌ಶೀಟನ್ನು ಹಗ್ಗದಂತೆ ಸುರುಳಿ ಮಾಡಿ, ತಲೆಯ ಮೇಲೆತ್ತಿ ಬಡಿದೆ. ಒಂದು, ಎರಡು, ಮೂರು. ನಾಲ್ಕನೆಯ ಪೆಟ್ಟಿಗೆ ಬೆಡ್‌ಶೀಟು ಹರಳೊಂದರ ಮೂಲೆಗೆ ಸಿಕ್ಕಿ ಉದ್ದಕ್ಕೆ ಸೀಳಿತು. ಐದನೆಯದನ್ನು ನಾನು ಯಾಕೆ ಹಾಕಿದೆನೋ ತಿಳಿಯದು, ಬಹುಶಃ ಸಿಟ್ಟಿಗೆ. ಕಾಗೆಬಂಗಾರ ಕಿತ್ತು ಕಿತ್ತು ನಾನೇ ಸಡಿಲಗೊಳಿಸಿದ್ದ ಕಲ್ಲೇ ಅದಕ್ಕೆ ಮೂರು ಹೋಳಾಯಿತು.

ಅವಮಾನ ಆಗಬೇಕಾದ ಹೊತ್ತು. ಆದರೆ ಹೊಸದಾಗಿ ತೆರೆದ ಮುಖದಲ್ಲಿ ಫೆಲ್ಡ್‌ಸ್ಪಾರ್ ಕನ್ನಡಿಯ ಹಾಗೆ ನುಣುಪಾಗಿ, ಪುಸ್ತಕದಲ್ಲಿ ಬರೆದಂತೆಯೇ ಸೀಳಿತ್ತು. ಇಷ್ಟು ಸ್ಪಷ್ಟವಾದ ಮಾದರಿ ಇಡೀ ವೃತ್ತಿಜೀವನದಲ್ಲಿ ನನಗೆ ಸಿಕ್ಕಿರಲಿಲ್ಲ. “ಶಾರದಾ, ಇಲ್ಲಿ ನೋಡು, ಎರಡು ಸೀಳುಗಳ ನಡುವೆ ಹೆಚ್ಚುಕಡಿಮೆ ಲಂಬಕೋನ” ಎಂದು ಬಗ್ಗಿ ಹೋಳೊಂದನ್ನು ಎತ್ತಿ ತೋರಿಸಹೋದೆ.

“ಮೊದ್ಲು ಅದರ ಕೆಳಗಿಂದ ಬೆರಳು ತೆಗೀರಿ” ಎಂದಳು.

ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಅದಕ್ಕೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದವಳು ಅವಳೇ. ಸುತ್ತಿದ ಬಟ್ಟೆ ನನ್ನ ಅಂಗಿಯ ಬೆನ್ನಿನದು ಎಂಬ ಮಾತನ್ನು ನಾನು ಎತ್ತಲಿಲ್ಲ. ಅಂದಿನಿಂದ ಕಲ್ಲಿನ ವಿಷಯ ನನ್ನ ಬಾಯಿಂದ ಬಂದಿಲ್ಲ. ಈ ಪ್ರಬಂಧ ಬರೆಯುತ್ತಿರುವುದು ಅವಳಿಗೆ ತಿಳಿದಿಲ್ಲ.

ಬುಧವಾರ ತಂದೆಯೂ ಮಗಳೂ ಮುನಿವೆಂಕಟಪ್ಪನಲ್ಲಿಗೆ ಹೋದರು. ಅವನು ಏನನ್ನೂ ಕೇಳಲಿಲ್ಲವಂತೆ, “ಮೇಷ್ಟ್ರು ಚೆಂದಾಗವ್ರಾ?” ಎಂದಷ್ಟೇ ವಿಚಾರಿಸಿದನಂತೆ. ಮೊದಲು ತೋರಿಸಿದ್ದ ಕರಿಕಲ್ಲು ಅಲ್ಲೇ ಇತ್ತು. ಈಗ ನಮ್ಮ ಹಿತ್ತಲಲ್ಲಿದೆ, ಬಟ್ಟೆ ಚೆನ್ನಾಗಿ ಒಗೆಯುತ್ತದೆ. ಕಲ್ಲನ್ನು ಆರಿಸಿದವರು ಮಾವನವರು, ಒಪ್ಪಿದವಳು ಶಾರದೆ. ನನಗೆ ಟೆಂಪೋ ಗೊತ್ತುಮಾಡುವ ಕೆಲಸ ಕೊಟ್ಟಿದ್ದರು. ಟೆಂಪೋ ಸರಿಯಾದ ಹೊತ್ತಿಗೆ ಬಂತು.