ಚಿಕ್ಕಪ್ಪನ ಪಂಕ್ತಿಗೆ ಬಂದ ಕುದುರೆ

ನಮ್ಮ ಚಿಕ್ಕಪ್ಪನ ಕಿವಿ ಬಹಳ ಚುರುಕು. ಅಡುಗೆಮನೆಯಲ್ಲಿ ಚಿಕ್ಕಮ್ಮ ತುಪ್ಪದ ಡಬ್ಬಿಯ ಮುಚ್ಚಳ ತೆಗೆದರೆ ಅವನಿಗೆ ಬೀದಿಯಲ್ಲಿ ಕೇಳಿಸುತ್ತದೆ. ಆದರೆ ಕನ್ನಡದ ಒಂದೇ ಒಂದು ಶಬ್ದ ಮಾತ್ರ ಹುಟ್ಟಿದಾಗಿನಿಂದ ಅವನ ಕಿವಿಗೆ ಬಿದ್ದಿಲ್ಲ. ಆ ಶಬ್ದ ‘ಸಾಕು’!

ಶಿರಸಿಯಲ್ಲಿ ಅವನದು ಪಾತ್ರೆ ಬಾಡಿಗೆಯ ಅಂಗಡಿ. ಮದುವೆ, ಮುಂಜಿಗಳಿಗೆ ಹಂಡೆ, ಕೊಪ್ಪರಿಗೆ ಕೊಡುವುದು ಉದ್ಯೋಗ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ಅವನನ್ನು ಮದುವೆಗೆ ಕರೆಯುವುದು ಪಾತ್ರೆಗಾಗಿ ಅಲ್ಲ, ಉಪಚಾರಕ್ಕಾಗಿ. ಹೋಳಿಗೆಯ ತಟ್ಟೆ ಹಿಡಿದು ಊಟದ ಪಂಕ್ತಿಗೆ ಇಳಿದನೆಂದರೆ ಮುಗಿಯಿತು. ಒಬ್ಬೊಬ್ಬರನ್ನೂ ಹೊಗಳಿ, ಗದರಿಸಿ, ಅವರ ಅಜ್ಜ ಎಷ್ಟು ತಿನ್ನುತ್ತಿದ್ದ ಎಂಬುದನ್ನು ನೆನಪಿಸಿ ಬಡಿಸುತ್ತಾನೆ. ಸಕ್ಕರೆ ಕಾಯಿಲೆಯವರು ಅವನು ಎರಡು ಎಲೆ ಆಚೆ ಇರುವಾಗಲೇ ಎದ್ದು ಕೈತೊಳೆಯಲು ಓಡುತ್ತಾರೆ. ಸಿಟ್ಟು ಮಾಡಿಕೊಂಡು ಬಂದ ಬೀಗರು ಅವನ ಪಂಕ್ತಿಯಲ್ಲಿ ಕುಳಿತು ಏಳುವಾಗ ಸಿಟ್ಟು ಮರೆತಿರುತ್ತಾರೆ, ಏಳುವುದೇ ಕಷ್ಟವಾಗಿರುವಾಗ ಸಿಟ್ಟೆಲ್ಲಿ ಬರಬೇಕು?

ಇಂಥವನ ಕಣ್ಣಿಗೆ ಸಿದ್ದಾಪುರದ ಒಂದು ಮದುವೆಯಲ್ಲಿ ಆ ಕುದುರೆ ಬಿತ್ತು. ಹೆಸರು ಗುಲಾಬ್. ಯಲ್ಲಾಪುರದ ಸಾಬರೊಬ್ಬರು ವರನ ಮೆರವಣಿಗೆಗೆ ತಂದಿದ್ದ ಬಿಳಿ ಕುದುರೆ. ಮೆರವಣಿಗೆ ಮುಗಿದು ಜರಿಯ ಹೊದಿಕೆ ತೆಗೆದಾಗ ನೋಡಿದರೆ ಪಕ್ಕೆಲುಬುಗಳೆಲ್ಲ ಎದ್ದು ಕಾಣುತ್ತಿದ್ದವು.

“ವಯಸ್ಸಾತ್ರಿ ಇದಕ್ಕ,” ಎಂದರು ಸಾಬರು. “ಎಷ್ಟ್ ಹಾಕಿದ್ರೂ ಮೈ ಹತ್ತವಲ್ದು. ಫೋಟೊದಾಗ ಎಲುಬು ಕಾಣ್ತಾವು ಅಂತ ಜನ ಬ್ಯಾಡ ಅಂತಾರ. ಯಾರಿಗಾರ ಕೊಟ್ಟು ಬಿಡಬೇಕ್ರಿ ಇನ್ನ.”

ಚಿಕ್ಕಪ್ಪನ ಮುಖ ಕೆಂಪಾಯಿತು. ತಾನು ಉಪಚಾರ ಮಾಡಿದ ಮದುವೆಗೆ ಬಂದವನೊಬ್ಬ ಬಡಕಲಾಗಿಯೇ ವಾಪಸು ಹೋಗುವುದೇ! ಬೀಗರು, ಅಡುಗೆಯವರು, ಬ್ಯಾಂಡಿನವರು ಎಲ್ಲರ ಎದುರು ಘೋಷಿಸಿಬಿಟ್ಟ: “ಇವ ಮೈ ತುಂಬ್ಕಳವರೆಗೆ ಆನು ಪಂಕ್ತಿಗೆ ಇಳಿತ್ನಿಲ್ಲೆ!”

ಎಲ್ಲರೂ ನಕ್ಕರು. ಸಂಜೆ ಕೊಪ್ಪರಿಗೆಗಳ ಜೊತೆ ಟೆಂಪೊದಲ್ಲಿ ಸಾಬರು ಒಪ್ಪಿಸಿದ ಕುದುರೆಯೂ ಶಿರಸಿಗೆ ಬಂದಾಗ ನಗದೆ ಉಳಿದವಳು ಚಿಕ್ಕಮ್ಮ ಒಬ್ಬಳೇ.

“ನೆಂಟ್ರಿಗೆ ಕಾಲು ತೊಳೆಯಲೆ ನೀರು ಕೊಡವಾ?” ಎಂದಳು.

“ಕೊಡು. ನಾಲ್ಕೂ ಕಾಲಿಗೆ ಕೊಡು,” ಎಂದ ಚಿಕ್ಕಪ್ಪ.

ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಸತ್ಕಾರ ಶುರುವಾಯಿತು. ದೊಡ್ಡ ಹರಿವಾಣದಲ್ಲಿ ಹುರುಳಿ, ಬೆಲ್ಲ, ಪಕ್ಕದಲ್ಲಿ ಒಣಹುಲ್ಲಿನ ರಾಶಿ. ಗುಲಾಬ್ ಒಂದು ಬಾಯಿ ಹುಲ್ಲು ತೆಗೆದುಕೊಂಡು ಬಹಳ ಹೊತ್ತು ಅಗಿಯಿತು. ಆಮೇಲೆ ಅಗಿದದ್ದನ್ನು ಉಂಡೆ ಮಾಡಿ ಪುಳಕ್ಕನೆ ಕೆಳಗೆ ಬೀಳಿಸಿತು. ಹುರುಳಿಯೂ ಬಾಯಿಯ ಎರಡೂ ಕಡೆಯಿಂದ ಉದುರಿತು. ಚಿಕ್ಕಪ್ಪನ ಪಂಕ್ತಿಯ ಇತಿಹಾಸದಲ್ಲಿ ಬಡಿಸಿದ್ದನ್ನು ಉಗುಳಿದ ಮೊದಲ ಅತಿಥಿ!

“ಸಂಕೋಚ ಮಾಡ್ಕಳಡ ಮಾರಾಯ,” ಎಂದು ಅದರ ಮುಂದೆ ಮಣೆ ಹಾಕಿಕೊಂಡು ಕುಳಿತ. “ಇದು ನಿನ್ನದೇ ಮನೆ ಹೇಳಿ ತಿಳ್ಕ. ನಿನ್ನ ಅಜ್ಜ ಎಷ್ಟು ತಿಂತಿದ್ದ ಗೊತ್ತಿದ್ದಾ?”

ಕುದುರೆಯ ಅಜ್ಜನನ್ನು ಇವನು ಎಲ್ಲಿ ಕಂಡಿದ್ದನೋ! ಗುಲಾಬ್ ಕಿವಿ ನಿಮಿರಿಸಿ ಎಲ್ಲವನ್ನೂ ಕೇಳಿತು, ಮತ್ತೊಂದು ಉಂಡೆ ಬೀಳಿಸಿತು.

ವಾರವಾದರೂ ಉಂಡೆಗಳು ಬೀಳುತ್ತಲೇ ಇದ್ದವು. ಕೊನೆಗೆ ನಾನೇ ಪಶು ಆಸ್ಪತ್ರೆಯ ಡಾಕ್ಟರಮ್ಮನನ್ನು ಕರೆತಂದೆ. ಚಿಕ್ಕ ವಯಸ್ಸಿನ ಹುಡುಗಿ. ಗುಲಾಬನ ಬಾಯಿ ತೆರೆಸಿ, ಟಾರ್ಚು ಬಿಟ್ಟು ನೋಡಿ, “ಸಂಕೋಚ ಅಲ್ಲ, ಹಲ್ಲು!” ಎಂದಳು. ದವಡೆ ಹಲ್ಲುಗಳು ಸವೆದು ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿದ್ದವಂತೆ. ಅರದಿಂದ ಉಜ್ಜಿ ಸರಿಮಾಡಿದಳು, ಜಂತುಹುಳದ ಔಷಧಿ ಕುಡಿಸಿದಳು. ಒಣಹುಲ್ಲಿನ ಬದಲು ಎಳೆ ಹುಲ್ಲನ್ನು ಸಣ್ಣಗೆ ಕತ್ತರಿಸಿ ಹಾಕಬೇಕು. ತೌಡು, ಬೇಯಿಸಿದ ಹುರುಳಿ ಎರಡನ್ನೂ ನೀರಲ್ಲಿ ನೆನೆಸಿ ಗಂಜಿಯ ಹಾಗೆ ಮಾಡಿ, ಮೇಲೆ ಸ್ವಲ್ಪ ಎಣ್ಣೆ ಬಿಟ್ಟು ಕೊಡಬೇಕು. ಚಿಕ್ಕಪ್ಪ ತಲೆಯಾಡಿಸಿದ. ಇದೆಲ್ಲ ಅವನಿಗೆ ಯಾವ ಲೆಕ್ಕ?

“ಆದರೆ ಒಂದೇ ಸಲ ತುಂಬ ಕೊಡಬಾರದು,” ಎಂದಳು ಡಾಕ್ಟರಮ್ಮ. “ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕೈದು ಸಲ ಕೊಡಿ, ನಿಧಾನಕ್ಕೆ ಹೆಚ್ಚು ಮಾಡಿ. ಕುದುರೆಗೆ ವಾಂತಿ ಮಾಡಲಿಕ್ಕೂ ಬರುವುದಿಲ್ಲ. ಒತ್ತಾಯ ಮಾಡಿ ತಿನ್ನಿಸಿದರೆ ಹೊಟ್ಟೆಶೂಲೆ ಬಂದು ಸತ್ತೇ ಹೋಗಬಹುದು.”

ಚಿಕ್ಕಪ್ಪ ಹರಿವಾಣ ಕೆಳಗಿಟ್ಟ. “ಹಂಗಾರೆ ಉಪಚಾರ?”

“ಬಾಯಲ್ಲಿ ಎಷ್ಟು ಬೇಕಾದರೂ ಮಾಡಿ. ಸೌಟಿನಲ್ಲಿ ಬೇಡ.”

ಅವನ ಜೀವಮಾನದಲ್ಲೇ ಇಂಥ ಶಿಕ್ಷೆಯನ್ನು ಯಾರೂ ಕೊಟ್ಟಿರಲಿಲ್ಲ. ಹಲ್ಲುನೋವು ಹೋದದ್ದೇ ಗುಲಾಬ್ ಗಬಗಬ ತಿಂದು, ಹರಿವಾಣ ನೆಕ್ಕಿ, ಗೊರಸಿನಿಂದ ನೆಲ ಕೆರೆದು ಇನ್ನಷ್ಟು ಕೇಳತೊಡಗಿತು. ಕೇಳದೆ ಬಡಿಸುವವನ ಮುಂದೆ ಕೇಳಿ ತಿನ್ನುವ ಅತಿಥಿ! ಚಿಕ್ಕಪ್ಪ ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಮುಖ ಆಚೆ ತಿರುಗಿಸಿ, ತೊದಲುತ್ತಾ, “ಸಾಕು ಮಾರಾಯ. ಈಗ ಸಾಕು,” ಎಂದ. ಚಿಕ್ಕಮ್ಮ ಒಳಗಿಂದ ಓಡಿಬಂದಳು. ಆ ಶಬ್ದ ಈ ಮನೆಯಲ್ಲಿ ಯಾರು ಆಡಿದ್ದು ಎಂದು ನೋಡಬೇಕಿತ್ತಂತೆ.

ಎದೆಯ ಸುತ್ತಳತೆ ನೋಡಲು ಡಾಕ್ಟರಮ್ಮ ಒಂದು ಹಗ್ಗ ಕೊಟ್ಟಿದ್ದಳು. ಕುದುರೆ ದಪ್ಪವಾದಷ್ಟು ಗಂಟು ಮುಂದೆ ಹಾಕಬೇಕು. ಚಿಕ್ಕಪ್ಪ ಆ ಹಗ್ಗವನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ಹಿಡಿದು ನಿಲ್ಲಿಸಿ, “ಗಂಟು ಮೊದಲು ಇಲ್ಲಿತ್ತು, ಈಗ ನೋಡಿ ಎಲ್ಲಿಗೆ ಬಂತು!” ಎಂದು ತೋರಿಸುತ್ತಿದ್ದ. ಏನು, ಎತ್ತ ಎಂದು ತಿಳಿಯದ ಪ್ರಯಾಣಿಕರು “ಹೌದಾ, ಒಳ್ಳೆದಾತು” ಎಂದು ಬಸ್ಸು ಹತ್ತಿಬಿಡುತ್ತಿದ್ದರು.

ಇತ್ತ ಅವನಿಲ್ಲದ ಮದುವೆಗಳು ಬಿಕೋ ಎನ್ನುತ್ತಿದ್ದವು. ಹೆಗಡೆಕಟ್ಟಾ ಊರಿನ ಒಂದು ಮದುವೆಯಲ್ಲಂತೂ ಹೋಳಿಗೆ ಉಳಿಯಿತು! ನಮ್ಮ ತಮ್ಮನ ಮದುವೆ ಹತ್ತಿರ ಬಂದಾಗ ತಮ್ಮನಿಗೂ ಚಿಂತೆ ಹತ್ತಿತು. ಚಿಕ್ಕಪ್ಪ ಪಂಕ್ತಿಗೆ ಇಳಿಯದ ಮದುವೆಯೂ ಒಂದು ಮದುವೆಯೇ? ಹುಡುಗಿಗೆ ದಿನವೂ ಫೋನು ಮಾಡಬೇಕಾದವನು ದಿನವೂ ಶೆಡ್ಡಿಗೆ ಹೋಗಿ ಕುದುರೆಯ ಪಕ್ಕೆ ಮುಟ್ಟಿ ನೋಡುತ್ತಿದ್ದ.

ಮದುವೆಗೆ ವಾರವಿದೆ ಎನ್ನುವಾಗ ಯಲ್ಲಾಪುರದಿಂದ ಸಾಬರು ಬಂದರು. ಗುಲಾಬ್ ಅವರನ್ನು ಕಂಡದ್ದೇ ಕೆನೆದು, ಮೂತಿಯನ್ನು ಹೆಗಲಿಗೆ ತಂದಿಟ್ಟಿತು. ಸಾಬರು ಅದರ ಪಕ್ಕೆಯ ಮೇಲೆ ಕೈಯಾಡಿಸಿ ಎಲುಬು ಹುಡುಕಿದರು. ಒತ್ತಿದರೆ ಮಾತ್ರ ಸಿಕ್ಕಿತು.

“ನಾ ಇದರ ಆಸೆ ಬಿಟ್ಟಿದ್ದೆ ನೋಡ್ರಿ,” ಎಂದರು. ಅವರ ದನಿ ಒದ್ದೆಯಾಗಿತ್ತು. “ಇನ್ನ ಯಾರಿಗೂ ಕೊಡಂಗಿಲ್ರಿ ಇದನ್ನ.”

ಚಿಕ್ಕಪ್ಪ ಜೇಬಿನಿಂದ ಹಗ್ಗ ತೆಗೆದ. ಮೂರು ತಾಲ್ಲೂಕಿನಲ್ಲಿ ಅದನ್ನು ನೋಡದೆ ಉಳಿದವರು ಅವರೊಬ್ಬರೇ ಇರಬೇಕು!

ಮದುವೆಯ ದಿನ ಗುಲಾಬನ ಬೆನ್ನ ಮೇಲೆ ಯಾರೂ ಕೂರಲಿಲ್ಲ. ವಯಸ್ಸಾದ ಬೆನ್ನಿಗೆ ಇನ್ನು ಭಾರ ಬೇಡ ಎಂದು ಡಾಕ್ಟರಮ್ಮ ಹೇಳಿದ್ದಳು. ತಮ್ಮ ಬಾಸಿಂಗ ಕಟ್ಟಿಕೊಂಡು ಅದರ ಪಕ್ಕದಲ್ಲೇ ನಡೆದ. ಜನ ವರನಿಗಿಂತ ಹೆಚ್ಚು ಕುದುರೆಯ ಫೋಟೊ ತೆಗೆದರು. ಊಟದ ಹೊತ್ತಿಗೆ ಚಿಕ್ಕಪ್ಪ ಹೋಳಿಗೆಯ ತಟ್ಟೆ ಹಿಡಿದು ಪಂಕ್ತಿಗೆ ಇಳಿದಾಗ ಇಡೀ ಸಭೆಯೇ ಹೋ ಎಂದು ಕೂಗಿತು. ಇವನು ನಮ್ಮ ಚಿಕ್ಕಪ್ಪ ಎಂದು ಹೊಸ ಬೀಗರಿಗೆಲ್ಲ ನಾನು ಹೇಳಿದ್ದೇ ಹೇಳಿದ್ದು.

ಕೊನೆಯ ಪಂಕ್ತಿ ಅಡುಗೆಯವರದು, ಸಾಬರದು. ಅದರ ತುದಿಯ ಎಲೆಯ ಮುಂದೆ ಚಿಕ್ಕಪ್ಪ ಕುಳಿತು ತಣ್ಣಗಾದ ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಿದ್ದ. ಎಲ್ಲರ ಊಟವಾದ ಮೇಲೆಯೇ ಉಣ್ಣುವುದು ಅವನ ಪದ್ಧತಿ. ಸಾಬರು ಅವನನ್ನೇ ನೋಡುತ್ತಿದ್ದರು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು: “ಎಲ್ಲಾರಿಗೂ ಇವರು ಒತ್ತಾಯ ಮಾಡ್ತಾರಲ್ಲವಾ, ಇವರಿಗೆ ಯಾರ್ ಮಾಡ್ತಾರ್ರೀ?”

ಇಷ್ಟು ವರ್ಷ ಅವನ ಕೈಯಲ್ಲಿ ಉಂಡಿದ್ದೇನೆ, ಒಮ್ಮೆಯೂ ಆ ಎಲೆಯ ಕಡೆ ನೋಡಿದವಳಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಉಳಿದಿದ್ದ ಹೋಳಿಗೆ ತಂದು ಅವನ ಮುಂದೆ ಬಗ್ಗಿದೆ. “ಚಿಕ್ಕಪ್ಪಾ, ಇನ್ನೊಂದು. ಬೇಡ ಹೇಳಲಾಗ.”

ಅವನು ತಲೆಯೆತ್ತಿದ. ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದ. ಕಣ್ಣು ತುಂಬಿತ್ತು.

“ಸಾಕು ತಂಗಿ,” ಎಂದ. “ಸಾಕು.”

ನನಗೆ ಕೇಳಿಸಲಿಲ್ಲ. ಬಡಿಸಿದೆ.