ಎಂಟನೆಯ ನಿಮಿಷದ ಗಂಡಾಂತರ

ನಮ್ಮ ಮನೆಯ ಇಂಟರ್‌ನೆಟ್ಟಿಗೂ ನನಗೂ ಪೂರ್ವಜನ್ಮದ ವೈರ ಇದ್ದಿರಬೇಕು ಎಂದು ನಾನು ಹೇಳಿದರೆ ಹೆಂಡತಿ ವಿಮಲಾ ಒಪ್ಪುವುದಿಲ್ಲ. ವೈರ ಕಟ್ಟಿಕೊಳ್ಳುವಷ್ಟು ದೊಡ್ಡ ಮನುಷ್ಯ ನೀವಲ್ಲ ಎಂಬುದು ಅವಳ ವಾದ. ನೀವೇ ನ್ಯಾಯ ಹೇಳಿ. ಸೋಮವಾರದಿಂದ ಶನಿವಾರದವರೆಗೆ ಮಗಳು ಪ್ರಣೀತಾ ಒಳಕೋಣೆಯಲ್ಲಿ ಕುಳಿತು ಐರೋಲಿಯ ಆಫೀಸಿನ ಕೆಲಸವನ್ನೆಲ್ಲ ಮನೆಯಿಂದಲೇ ಮಾಡುತ್ತಾಳೆ, ನೆಟ್ ಹೋಗುವುದಿಲ್ಲ. ವಿಮಲಾ ಮೂಲ್ಕಿಯಲ್ಲಿರುವ ತಂಗಿಯೊಡನೆ ವಿಡಿಯೋದಲ್ಲಿ ಮಾತಾಡುತ್ತ ಮಾತಾಡುತ್ತ ಒಂದು ಇಡೀ ಹಲಸಿನಹಣ್ಣು ಬಿಡಿಸಿ ಮುಗಿಸುತ್ತಾಳೆ, ಆಗಲೂ ಹೋಗುವುದಿಲ್ಲ. ಆದಿತ್ಯವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಹಾಲ್‌ನ ಕಂಪ್ಯೂಟರಿನ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡೆನೋ, ಹೆಚ್ಚುಕಡಿಮೆ ಎಂಟನೆಯ ನಿಮಿಷಕ್ಕೆ ಹೋಗುತ್ತದೆ. ಗಡಿಯಾರ ನೋಡಿಕೊಂಡು ಹೋಗುತ್ತದೆ. ಅಷ್ಟು ಸಮಯಪಾಲನೆ ನಮ್ಮ ಲೋಕಲ್ ರೈಲಿಗಿದ್ದಿದ್ದರೆ ನಾನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಲೇಟ್‌ಮಾರ್ಕ್ ತಿನ್ನುತ್ತಿರಲಿಲ್ಲ.

ಆದಿತ್ಯವಾರ ನಾನು ಯಾಕೆ ಅಲ್ಲಿ ಕೂರುತ್ತೇನೆ ಎಂಬುದನ್ನು ಹೇಳಬೇಕು. ನಮ್ಮದೊಂದು ಸಂಘವಿದೆ, ಠಾಣೆ ಜಿಲ್ಲಾ ಕರಾವಳಿ ಮಿತ್ರ ಸಂಘ. ಸದಸ್ಯರು ಕಲ್ಯಾಣದಿಂದ ನೆರೂಲಿನವರೆಗೆ ಚದುರಿಹೋಗಿದ್ದಾರೆ. ಸಭೆ ಮಾಡಲು ಪುರುಸೊತ್ತಿರುವುದು ಆದಿತ್ಯವಾರ, ರೈಲಿನವರು ಹಳಿ ರಿಪೇರಿಗೆಂದು ಓಡಾಟ ನಿಲ್ಲಿಸಿ ಮೆಗಾ ಬ್ಲಾಕ್ ಮಾಡುವುದೂ ಆದಿತ್ಯವಾರವೇ. ಹಾಗಾಗಿ ಸಭೆ ಕಂಪ್ಯೂಟರಿನೊಳಗೆ ನಡೆಯುತ್ತದೆ. ಹನ್ನೆರಡು ವರ್ಷ ಸಂಘವನ್ನು ಬೆತ್ತವಿಲ್ಲದೆ ಆಳಿದ ನಿವೃತ್ತ ಟೀಚರ್ ಪದ್ಮಾವತಿಯಕ್ಕ ಈ ವರ್ಷ ಅಧ್ಯಕ್ಷ ಸ್ಥಾನದಿಂದ ಇಳಿಯುವುದಾಗಿ ಘೋಷಿಸಿದರು. ಆ ಕುರ್ಚಿಗೆ ಇಬ್ಬರು ಆಕಾಂಕ್ಷಿಗಳು. ಒಬ್ಬ ಮಾಜಿವಾಡಾದ ಯೋಗೀಶ್. ಕೇಟರಿಂಗ್ ನಡೆಸುತ್ತಾನೆ, ಇಪ್ಪತ್ತೆರಡನೆಯ ಮಹಡಿಯಲ್ಲಿರುತ್ತಾನೆ, ಅವನ ನೆಟ್ ನೇರ ಮೋಡದಿಂದಲೇ ಇಳಿಯುತ್ತದೆ. ಇನ್ನೊಬ್ಬ ಡೊಂಬಿವಲಿಯ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಾಲ್ವ್ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದ ಹರಿಶ್ಚಂದ್ರ. ಎಂದರೆ ನಾನು.

ನನ್ನ ಅರ್ಹತೆ ಸಾಮಾನ್ಯದ್ದಲ್ಲ. ಸಂಘದ ವಾರ್ಷಿಕೋತ್ಸವದ ಊಟಕ್ಕೆ ಇಪ್ಪತ್ತೈದು ವರ್ಷದಿಂದ ಪಂಕ್ತಿಯ ಉಸ್ತುವಾರಿ ನನ್ನದು. ಯಾವ ಎಲೆಗೆ ಉಪ್ಪಿನಕಾಯಿ ಬಂದಿಲ್ಲ, ಯಾರು ಎರಡನೆಯ ಪಂಕ್ತಿಯಲ್ಲೂ ಕುಳಿತಿದ್ದಾರೆ, ಎಲ್ಲವೂ ನನ್ನ ಕಣ್ಣಳತೆಯಲ್ಲಿ. ಈ ಸೇವೆಗಾಗಿ ಕಳೆದ ಮೇ ತಿಂಗಳಲ್ಲಿ ಠಾಣೆಯ ಒಂದು ಸಭಾಂಗಣದಲ್ಲಿ ನನಗೆ ‘ಪಂಕ್ತಿ ಧುರಂಧರ’ ಎಂಬ ಬಿರುದು ಕೊಟ್ಟು ಸನ್ಮಾನಿಸಿದರು. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಮತ್ತು ಎರಡು ಅಡಿ ಅಗಲದ ಅಪ್ಪಟ ತಾಮ್ರದ ಫಲಕ. ಫಲಕದ ಮೇಲೆ ನನ್ನ ಹೆಸರು, ಹೆಸರಿನ ಕೆಳಗೆ ಒಂದು ಸೌಟು. (ಆ ದಿನ ಸಭಾಂಗಣದ ಎಸಿ ಕೆಟ್ಟಿತ್ತು. ಶಾಲು ಪೇಟ ಹಾರಗಳ ಒಳಗೆ ನಾನು ಬೆಂದು, ಅಭಿನಂದನಾ ಭಾಷಣದ ನಡುವೆ ಕಣ್ಣು ಕತ್ತಲೆ ಬಂದು ಪಕ್ಕದವರ ಹೆಗಲಿಗೆ ಒರಗಿದ್ದು ನಿಜ. ಭಾವುಕರಾದರು ಎಂದು ವರದಿಯಲ್ಲಿ ಬಂತು. ವಿಮಲಾ ಎಳನೀರು ಕುಡಿಸಿ ಎಬ್ಬಿಸಿದ್ದು ವರದಿಯಲ್ಲಿ ಬರಲಿಲ್ಲ.)

ಈ ಫಲಕಕ್ಕೆ ಮನೆಯಲ್ಲಿ ಜಾಗ ಸಿಕ್ಕಿದ್ದು ಮಲಗುವ ಕೋಣೆಯ ಕಪಾಟಿನ ನೆತ್ತಿಯ ಮೇಲೆ, ಹಳೆಯ ಕಂಬಳಿಗಳ ಪಕ್ಕ. ಹಾಲ್‌ನ ಶೋಕೇಸು ವಿಮಲಾಳ ಸಾಮ್ರಾಜ್ಯ. ಅಲ್ಲಿ ಅವಳ ಕಾಲುದೀಪಗಳು, ಪ್ರಣೀತಾಳ ಶಾಲೆಯ ಕಪ್ಪುಗಳು, ಮತ್ತು ನಡುವಿನ ಹಲಗೆಯಲ್ಲಿ ಕೇಬಲ್‌ವಾಲಾ ತಂದು ಕೂರಿಸಿದ ರೂಟರ್ ಎಂಬ ಕಪ್ಪು ಡಬ್ಬಿ. ಬಹಳ ಬೇಡಿಕೊಂಡ ಮೇಲೆ ಒಂದು ರಿಯಾಯಿತಿ ಸಿಕ್ಕಿತು: ಸಂಘದ ಮೀಟಿಂಗ್ ಇರುವಾಗ ಮಾತ್ರ ಸನ್ಮಾನದ ಸಾಮಾನು ಹೊರಗೆ ತರಬಹುದು, ಮೀಟಿಂಗ್ ಮುಗಿದ ಕೂಡಲೇ ಒಳಗಿಡಬೇಕು.

ಕ್ಯಾಮೆರಾದಲ್ಲಿ ನನ್ನ ತಲೆಯ ಹಿಂದೆ ಏನು ಕಾಣುತ್ತದೆ ಎಂಬುದು ಚಿಕ್ಕ ವಿಷಯವಲ್ಲ. ಯೋಗೀಶನ ಹಿಂದೆ ಇಡೀ ಘೋಡ್‌ಬಂದರ್ ರಸ್ತೆ ಕಾಣುತ್ತದೆ. ನನ್ನ ಹಿಂದೆ ಜಿರಳೆಮೀಸೆಯಂಥ ಎರಡು ಕೊಂಬಿನ ಡಬ್ಬಿ ಕಂಡರೆ ಅಧ್ಯಕ್ಷಕಳೆ ಎಲ್ಲಿಂದ ಬರಬೇಕು? ಆದ್ದರಿಂದ ಪ್ರತಿ ಆದಿತ್ಯವಾರ ಹತ್ತೂವರೆಗೆ ನಾನು ಶೋಕೇಸಿನ ನಡುವಿನ ಹಲಗೆಯನ್ನು ಅಲಂಕರಿಸುತ್ತಿದ್ದೆ. ಮುಂದೆ ಫಲಕ, ಹಿಂದೆ ಇಳಿಬಿಟ್ಟ ಶಾಲು, ಮೇಲೆ ಪೇಟ, ಸುತ್ತ ಗಂಧದ ಹಾರ. ಡಬ್ಬಿಯ ಕೊಂಬೂ ಕಾಣಬಾರದು, ಹಾಗೆ.

ಮೊದಲ ಆದಿತ್ಯವಾರ ನಾನು "ನಾನು ಅಧ್ಯಕ್ಷನಾದರೆ" ಎನ್ನುವಾಗ ನೆಟ್ ಹೋಯಿತು. ಪರದೆಯ ಮೇಲೆ ನಾನು ಅರ್ಧ ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ, ಶಿಲಾಪ್ರತಿಮೆಯಾಗಿ ನಿಂತುಬಿಟ್ಟೆನಂತೆ. ಮಧ್ಯಾಹ್ನದೊಳಗೆ ಆ ಮುಖ ಸಂಘದ ವಾಟ್ಸಾಪಿನಲ್ಲಿ ಸ್ಟಿಕ್ಕರ್ ಆಯಿತು. ಯಾರ ಮನೆಯಲ್ಲಿ ಕರೆಂಟು ಹೋದರೂ, ಯಾವ ರೈಲು ತಡವಾದರೂ, ಅದನ್ನೇ ಹಾಕಲು ಶುರುಮಾಡಿದರು. ಎರಡನೆಯ ಆದಿತ್ಯವಾರವೂ "ನಾನು ಅಧ್ಯಕ್ಷನಾದರೆ" ಎಂಬಲ್ಲಿಗೇ ಹೋಯಿತು. ಅಂದು ಯೋಗೀಶ್ ಗುಂಪಿನಲ್ಲಿ ಬರೆದ: "ಹರಿಶ್ಚಂದ್ರಣ್ಣ ಅಧ್ಯಕ್ಷರಾದರೆ ಏನಾಗುತ್ತದೆ ಎಂದು ಈಗ ಎಲ್ಲರಿಗೂ ಗೊತ್ತಾಯಿತು. ನೆಟ್ ಹೋಗುತ್ತದೆ." ಮೂವತ್ತೆಂಟು ಜನ ನಕ್ಕರು. ಎಣಿಸಿದ್ದೇನೆ. ಅದರಲ್ಲಿ ಒಂದು ನಗು ನನ್ನ ಮನೆಯ ಒಳಕೋಣೆಯಿಂದಲೇ ಬಂದದ್ದು.

ಮೂರನೆಯ ಆದಿತ್ಯವಾರ ಕೊನೆಯ ಸಭೆ. ಅಂದು ಇಬ್ಬರೂ ಹತ್ತು ಹತ್ತು ನಿಮಿಷ ಮಾತಾಡಬೇಕು, ಕೂಡಲೇ ಆಯ್ಕೆ. ಆ ದಿನವೂ ನೆಟ್ ಕೈಕೊಟ್ಟರೆ ನನ್ನ ಇಪ್ಪತ್ತೈದು ವರ್ಷದ ಸೌಟು ಸೇವೆ ನೀರುಪಾಲು. ನಾನು ತನಿಖೆಗೆ ಇಳಿದೆ.

ಮೊದಲ ಆರೋಪಿ, ಗ್ರೈಂಡರ್. ಆದಿತ್ಯವಾರ ಬೆಳಿಗ್ಗೆ ವಿಮಲಾ ನೀರುದೋಸೆಗೆ ಅಕ್ಕಿ ರುಬ್ಬುತ್ತಾಳೆ. ಊರಿಂದ ತಂದ ಆ ಕಲ್ಲಿನ ಗ್ರೈಂಡರ್ ತಿರುಗಿದರೆ ಕೆಳಗಿನ ಮನೆಯವರ ಗಡಿಯಾರ ಗೋಡೆಯಿಂದ ಬೀಳುತ್ತದೆ. ಅದೇ ಅಲೆಗಳನ್ನು ನುಂಗುತ್ತಿದೆ ಎಂದು ನಾನು ತೀರ್ಪು ಕೊಟ್ಟೆ.

"ಗ್ರೈಂಡರ್ ತಿರುಗುವುದು ಎಂಟು ಗಂಟೆಗೆ, ನಿಮ್ಮ ನೆಟ್ ಹೋಗುವುದು ಹನ್ನೊಂದಕ್ಕೆ. ಮೂರು ಗಂಟೆ ಅದು ಎಂತ ಮಾಡ್ತದೆ, ಯೋಚನೆಯಾ?" ಎಂದಳು ವಿಮಲಾ.

ಎರಡನೆಯ ಆರೋಪಿ ಪ್ರಣೀತಾ. ಅವಳು ಆ ಹೊತ್ತಿಗೆ ಯಾವುದೋ ಸೀರಿಯಲ್ಲು ನೋಡುತ್ತ ನನ್ನ ಪಾಲಿನ ನೆಟ್ಟನ್ನೂ ಕುಡಿಯುತ್ತಿರಬೇಕು ಎಂದು ಬಾಗಿಲು ಬಡಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಪಪ್ಪಾ, ಸಂಡೇ ಕೋ ಗ್ಯಾರಾ ಬಜೇ ಮೈ ಸೋತೀ ಹೂಂ" ಎಂದಳು. ಹನ್ನೊಂದಕ್ಕೆ ನಿದ್ರೆ ಎಂಬ ಸಾಕ್ಷ್ಯವನ್ನು ಅವಳ ತಾಯಿಯೂ ದೃಢಪಡಿಸಿದಳು, ಸ್ವಲ್ಪ ಕೋಪದಿಂದಲೇ.

ಮೂರನೆಯ ಆರೋಪಿ ಎಂಐಡಿಸಿಯ ಗಾಳಿ. ಗಾಳಿ ಈ ಕಡೆ ಬೀಸಿದ ದಿನ ನಮ್ಮ ಒಣಹಾಕಿದ ಬಟ್ಟೆಗೂ ರಸಾಯನಶಾಸ್ತ್ರ ಗೊತ್ತಾಗುತ್ತದೆ. ಪಾಪ, ನೆಟ್ಟಿನ ಕಿರಣಗಳ ಪಾಡೇನು? ನಾಲ್ಕನೆಯದು ಫ್ಯಾನು, ಅದರ ರೆಕ್ಕೆ ಸಿಗ್ನಲ್ ಕತ್ತರಿಸುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ.

ಕೇಬಲ್‌ವಾಲಾ ಕಡೆಯ ತಂತ್ರಜ್ಞ ಕೌಶಲ್‌ನನ್ನು ಎರಡು ಸಲ ಕರೆಸಿದೆ. ನನ್ನಷ್ಟೇ ಹೊಟ್ಟೆ, ನನಗಿಂತ ಕಡಿಮೆ ಕೂದಲು, ಆದರೂ ನನ್ನನ್ನು ಅಂಕಲ್ ಎನ್ನುತ್ತಾನೆ. ಎರಡು ಸಲವೂ ಬಂದದ್ದು ವಾರದ ನಡುವೆ. ಎರಡು ಸಲವೂ ಹಸಿರು ದೀಪಗಳು ಅವನನ್ನು ನೋಡಿ ವಿಧೇಯ ವಿದ್ಯಾರ್ಥಿಗಳಂತೆ ಮಿನುಗಿದವು. "ಅಂಕಲ್, ಸಿಗ್ನಲ್ ತೋ ಏಕದಮ್ ಮಸ್ತ್ ಹೈ" ಎಂದು ಚಹಾ ಕುಡಿದು ಹೋದ. ವೈದ್ಯರ ಮುಂದೆ ಹಲ್ಲುನೋವು ಮಾಯವಾಗುವುದನ್ನು ಕಂಡಿದ್ದೇನೆ. ಡಬ್ಬಿಗೂ ಆ ಬುದ್ಧಿ ಇದೆ ಎಂದು ತಿಳಿದಿರಲಿಲ್ಲ. ಕೊನೆಗೆ ನೀರುದೋಸೆ ಮತ್ತು ಕೋಳಿ ಸಾರಿನ ಆಮಿಷ ಒಡ್ಡಿ ಅವನನ್ನು ಆದಿತ್ಯವಾರವೇ ಬರುವಂತೆ ಒಪ್ಪಿಸಿದೆ.

ಆ ಆದಿತ್ಯವಾರ ನನ್ನ ಸಿದ್ಧತೆ ಯುದ್ಧದ್ದು. ಗ್ರೈಂಡರ್ ನಿಷೇಧ. (ಹಿಟ್ಟು ಹಿಂದಿನ ದಿನವೇ ರುಬ್ಬಿಸಿದ್ದೆ.) ಫ್ರಿಜ್, ವಾಷಿಂಗ್ ಮೆಷಿನ್, ಗೀಸರ್, ಬಾಗಿಲ ಬೆಲ್ಲು, ಎಲ್ಲ ಬಂದ್. ಎಂಐಡಿಸಿ ಗಾಳಿ ಬರದಂತೆ ಕಿಟಕಿಗಳು ಬಂದ್. ಸಿಗ್ನಲ್ ಕತ್ತರಿಸದಂತೆ ಫ್ಯಾನೂ ಬಂದ್. ಅಕ್ಟೋಬರ್ ತಿಂಗಳು, ಡೊಂಬಿವಲಿಯ ಅಕ್ಟೋಬರ್ ಸೆಕೆಯನ್ನು ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ, ಅನುಭವಿಸಿದವರಿಗೆ ಹೇಳುವ ಅಗತ್ಯವಿಲ್ಲ. ಕೌಶಲ್ ಸೋಫಾದ ಮೇಲೆ ಕುಳಿತು ಪೇಪರಿನಿಂದ ಗಾಳಿ ಹಾಕಿಕೊಂಡ. ವಿಮಲಾ ಬಂದು ನೋಡಿದಳು.

"ಇವರೇ, ನಿಮ್ಮನ್ನು ಅಧ್ಯಕ್ಷ ಮಾಡಲಿಕ್ಕೆ ನಮ್ಮನ್ನೆಲ್ಲ ಇಡ್ಲಿ ಬೇಯಿಸಿದ ಹಾಗೆ ಬೇಯಿಸಬೇಕಾ?"

ತ್ಯಾಗವಿಲ್ಲದೆ ಸಮಾಜಸೇವೆ ಇಲ್ಲ ಎಂದೆ. ಅವಳು ಒಂದು ಹಸಿ ಟವೆಲ್ ತಂದು ಕೌಶಲ್‌ಗೆ ಕೊಟ್ಟಳು, ನನಗೆ ಕೊಡಲಿಲ್ಲ.

ಎಲ್ಲಕ್ಕಿಂತ ದೊಡ್ಡ ಉಪಾಯ ಬೇರೆ ಇತ್ತು. ಗಂಡಾಂತರ ಎಂಟನೆಯ ನಿಮಿಷಕ್ಕೆ ತಾನೆ? ನಾನು ಮೊದಲಿಗನಾಗಿ ಮಾತಾಡಿ ಏಳು ನಿಮಿಷದೊಳಗೆ ಮುಗಿಸಿಬಿಟ್ಟರೆ ಯಮನೂ ಏನು ಮಾಡಿಯಾನು? ಪದ್ಮಾವತಿಯಕ್ಕನನ್ನು ಒಪ್ಪಿಸಿದ್ದೆ. ಭಾಷಣವನ್ನು ಗಡಿಯಾರ ಹಿಡಿದು ಕತ್ತರಿಸಿ ಆರೂಮುಕ್ಕಾಲು ನಿಮಿಷಕ್ಕೆ ತಂದಿದ್ದೆ. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಪ್ರಾರ್ಥನೆ. ಅದು ಪದ್ಮಾವತಿಯಕ್ಕನ ಕೊನೆಯ ಸಭೆಯಲ್ಲವೇ? ತಾವೇ ಹಾಡಿದರು. ಯಾವ ಚರಣಕ್ಕೂ ಅನ್ಯಾಯ ಮಾಡಲಿಲ್ಲ. ನಾಲ್ಕು ನಿಮಿಷ ಅಲ್ಲೇ ಕರಗಿತು.

ನಾನು ಶುರುಮಾಡಿದೆ. ಪಂಚೆ ಎತ್ತಿಕಟ್ಟಿ ಮಳೆಯಲ್ಲಿ ಓಡುವವನಂತೆ ಓಡಿದೆ. ವಂದನೆ, ಸಂಘದ ಇತಿಹಾಸ, ಪಂಕ್ತಿಯ ಸಂಸ್ಕೃತಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ದಾಟಿ "ನಾನು ಅಧ್ಯಕ್ಷನಾದರೆ" ಎಂಬ ಹೊಸ್ತಿಲಿಗೆ ಬಂದೆ. ಪರದೆಯ ಮೇಲೆ ಎಲ್ಲ ಮುಖಗಳೂ ಏಕಕಾಲಕ್ಕೆ ಸ್ತಬ್ಧವಾದವು. ನಡುವೆ ಒಂದು ಚಕ್ರ ತಿರುಗತೊಡಗಿತು.

ನಾನು ಮೇಜಿನ ಕೆಳಗೆ ನುಗ್ಗಿ ಕೈಗೆ ಸಿಕ್ಕ ವೈರುಗಳನ್ನೆಲ್ಲ ಅಲುಗಾಡಿಸಿದೆ. ಕೌಶಲ್ ಎದ್ದು ಕೇಳಿದ, ರೂಟರ್ ಎಲ್ಲಿ ಎಂದು. ಹೋದ ಸಲ ಇಲ್ಲೇ ಇತ್ತಲ್ಲ ಎಂದು ಹುಡುಕಿದ. ಗೋಡೆಯಿಂದ ಬಂದ ವೈರು ಹಿಡಿದು ಹೊರಟು, ಗಂಧದ ಹಾರ ಸರಿಸಿ, ಪೇಟ ಎತ್ತಿ, ಶಾಲಿನೊಳಗೆ ಕೈಹಾಕಿದವನು ಕಾವಲಿ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

"ಅಂಕಲ್, ಯೇ ತೋ ಪಕ್ ಗಯಾ ಹೈ" ಎಂದ. ಬೆಂದುಹೋಗಿದೆ ಎಂದು. ಡಬ್ಬಿ ಉಸಿರಾಡಲು ಮೈತುಂಬ ಸಣ್ಣ ಸಣ್ಣ ತೂತುಗಳಿರುತ್ತವಂತೆ. ಅವನ್ನೆಲ್ಲ ಶಾಲಿನಿಂದ ಮುಚ್ಚಿದರೆ ಬಿಸಿ ಒಳಗೇ ಉಳಿದು, ತಡೆಯಲಾರದೆ ತಾನೇ ಆರಿಹೋಗುತ್ತದಂತೆ. ಸನ್ಮಾನ ಬಿಚ್ಚಿದ ಮೇಲೆ ತಣಿದು ಏಳುತ್ತದಂತೆ. ವಾರದ ನಡುವೆ ಅವನು ಬಂದಾಗ ಶಾಲೂ ಪೇಟವೂ ಕಪಾಟಿನ ಮೇಲೆ ಕಂಬಳಿಗಳ ಪಕ್ಕ ಮಲಗಿರುತ್ತಿದ್ದವಲ್ಲ.

ಮೇಜಿನ ಕೆಳಗಿನಿಂದ ನಾನು ಹೊರಬರುವಷ್ಟರಲ್ಲಿ ಪ್ರಣೀತಾ ಕೋಣೆಯ ಬಾಗಿಲಲ್ಲಿ ಮೊಬೈಲು ಎತ್ತಿ ಹಿಡಿದು ನಿಂತಿದ್ದಳು. "ಪಪ್ಪಾ, ಆಪ್ ಲೈವ್ ಹೋ" ಎಂದಳು. ತನ್ನ ಮೊಬೈಲಿನ ಸ್ವಂತ ನೆಟ್ಟಿನಿಂದ ಅವಳು ಸಭೆಗೆ ಸೇರಿದ್ದಳು. ಅಪ್ಪನ ಭಾಷಣ ಪೂರ್ತಿ ಆಗಲಿ ಎಂಬ ಪ್ರೀತಿಯಿಂದ, ನಿದ್ರೆ ಬಿಟ್ಟು. ಮೊಬೈಲಿನಿಂದ ಪದ್ಮಾವತಿಯಕ್ಕನ ಧ್ವನಿ ಕೇಳಿತು, ಹರಿಶ್ಚಂದ್ರ ಎಲ್ಲಿ ಹೋದರು, ಅಧ್ಯಕ್ಷರಾದರೆ ಏನು ಮಾಡುತ್ತಾರಂತೆ ಎಂದು.

ವಿಮಲಾ ಮಗಳ ಪಕ್ಕಕ್ಕೆ ಬಂದಳು. "ಎಲ್ಲಿಗೂ ಹೋಗ್ಲಿಲ್ಲ ಪದ್ಮಾವತಿಯಕ್ಕ, ಮೇಜಿನ ಕೆಳಗಿದ್ದಾರೆ. ನೆಟ್ಟಿನ ಪೆಟ್ಟಿಗೆಗೆ ಶಾಲು ಹೊದೆಸಿ, ಪೇಟ ಇಟ್ಟು, ಹಾರ ಹಾಕಿ ಕೂರಿಸಿದ್ರು. ಮೇ ತಿಂಗಳಲ್ಲಿ ಠಾಣೆಯಲ್ಲಿ ಇವರಿಗೆ ಆದದ್ದೇ ಅದಕ್ಕೂ ಆಯ್ತು. ಅದಕ್ಕೆ ಎಳನೀರು ಕೊಡ್ಲಿಕ್ಕೆ ಜನ ಇರಲಿಲ್ಲ, ಅಷ್ಟೇ."

ಮೊಬೈಲಿನೊಳಗೆ ಕಲ್ಯಾಣದಿಂದ ನೆರೂಲಿನವರೆಗೆ ನಗು ಹರಡಿತು. ಅವಳು ಅಲ್ಲಿಗೆ ನಿಲ್ಲಿಸಬಹುದಿತ್ತು.

"ನಗುವ ವಿಷಯ ಅಲ್ಲ ಅಕ್ಕ. ಎಲ್ಲರ ಮನೆಯಲ್ಲೂ ಕಪಾಟು ತುಂಬ ಶಾಲು ಉಂಟು. ಈ ಸೆಕೆಯ ಊರಲ್ಲಿ ಸನ್ಮಾನಕ್ಕೆ ಇನ್ನು ಶಾಲು ಬೇಡ. ಒಂದು ಒಳ್ಳೆ ಟೇಬಲ್ ಫ್ಯಾನ್ ಕೊಡಿ. ಸನ್ಮಾನ ಮಾಡಿಸಿಕೊಂಡವರೂ ಬದುಕ್ತಾರೆ, ಮನೆಯವರಿಗೂ ಗಾಳಿ ಬರ್ತದೆ."

ಕೂಡಲೇ ಯೋಗೀಶನ ಹೆಂಡತಿ, ಅವನ ಹಿಂದಿನಿಂದ, ತಮ್ಮ ಮನೆಯಲ್ಲಿ ಮೂವತ್ತೊಂದು ಶಾಲುಗಳಿವೆ ಎಂದು ಕೂಗಿ ಹೇಳಿದಳು. ಹನ್ನೆರಡು ವರ್ಷದಲ್ಲಿ ಈ ಸಂಘದಲ್ಲಿ ಹತ್ತು ಸೆಕೆಂಡಿನಲ್ಲಿ ಉಪಯೋಗದ ಮಾತಾಡಿದವರನ್ನು ಇವತ್ತೇ ನೋಡಿದ್ದು ಎಂದರು ಪದ್ಮಾವತಿಯಕ್ಕ. ಅಧ್ಯಕ್ಷ ಸ್ಥಾನಕ್ಕೆ ವಿಮಲಾಳ ಹೆಸರನ್ನು ಅವರೇ ಸೂಚಿಸಿದರು. ಯೋಗೀಶ್ ತನ್ನ ಉಮೇದುವಾರಿಕೆ ಹಿಂದಕ್ಕೆ ಪಡೆದ. ಹಿಂದೆ ನಿಂತಿದ್ದ ಹೆಂಡತಿಯ ಕೈ ಅವನ ಹೆಗಲ ಮೇಲಿತ್ತು. ಇನ್ನೊಬ್ಬ ಆಕಾಂಕ್ಷಿಯ ಅಭಿಪ್ರಾಯವೇನು ಎಂದು ಅಕ್ಕ ಕೇಳಿದರು.

ಆಗ ನೋಡಿ, ಶೋಕೇಸಿನಲ್ಲಿ ಒಂದೊಂದಾಗಿ ಹಸಿರು ದೀಪಗಳು ಹತ್ತಿಕೊಂಡವು. ಕಂಪ್ಯೂಟರಿನ ಮೇಲೆ ಎಲ್ಲರ ಮುಖಗಳೂ ಸ್ಫಟಿಕದಷ್ಟು ಸ್ಪಷ್ಟವಾಗಿ ಮೂಡಿದವು. ಆ ಚಕ್ರ ಇನ್ನೊಂದು ನಿಮಿಷ ತಿರುಗಿದ್ದರೆ ಏನು ಗಂಟು ಹೋಗುತ್ತಿತ್ತು? ವಿಮಲಾ ನನ್ನನ್ನೇ ನೋಡುತ್ತಿದ್ದಳು. ತಮಾಷೆಗೆ ಹೇಳಿದ್ದು ಇಲ್ಲಿಗೆ ಬಂದು ಮುಟ್ಟೀತೆಂದು ಅವಳಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಅಳುಕು ಕಂಡಿತು. ನಾನು ಕೊರಳಿನ ಬೆವರು ಒರೆಸಿಕೊಂಡು, "ನನ್ನ ಸಂಪೂರ್ಣ ಅನುಮೋದನೆ ಇದೆ" ಎಂದೆ. ಮೂರು ಆದಿತ್ಯವಾರಗಳಲ್ಲಿ ನಾನು ಪೂರ್ತಿಯಾಗಿ ಹೇಳಿದ ಮೊದಲ ವಾಕ್ಯ ಅದು. ಬಹಳ ಚಪ್ಪಾಳೆ ಬಿತ್ತು.

ಫ್ಯಾನು ಹಾಕಿದೆವು, ಕಿಟಕಿ ತೆರೆದೆವು. ಕೌಶಲ್ ಹನ್ನೊಂದು ನೀರುದೋಸೆ ತಿಂದು, ಕೈತೊಳೆದು ಒಂದು ಸಲಹೆ ಕೊಟ್ಟ. ಡಬ್ಬಿಯನ್ನು ಬರಿ ಹಲಗೆಯ ಮೇಲಲ್ಲ, ಬಿಸಿ ಎಳೆದುಕೊಳ್ಳುವಂಥ ಯಾವುದಾದರೂ ದಪ್ಪ ಲೋಹದ ತಟ್ಟೆಯ ಮೇಲೆ ಇಟ್ಟರೆ ಇನ್ನೂ ಒಳ್ಳೆಯದು ಎಂದ. ನೂತನ ಅಧ್ಯಕ್ಷೆ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು.

ಅಂದಿನಿಂದ ನೆಟ್ ಹೋಗಿಲ್ಲ. ನಿನ್ನೆ ಹೊಸ ಸಮಿತಿಯ ಸಭೆ ನಡೆಯಿತು, ಒಂದೂವರೆ ಗಂಟೆ, ಎಲ್ಲೂ ಕಡಿಯಲಿಲ್ಲ. ಅಡುಗೆಮನೆಯಲ್ಲಿ ನಾನು ಗ್ರೈಂಡರ್ ಬಳಿ ನಿಂತಿದ್ದೆ. ಅಧ್ಯಕ್ಷೆಯ ಭಾಷಣಕ್ಕೆ ತೊಂದರೆಯಾಗದಂತೆ ಅದನ್ನು ಆಗಾಗ ನಿಲ್ಲಿಸುವ ಕೆಲಸ ನನ್ನದು. ಸಭೆಯ ಕೊನೆಗೆ ಯೋಗೀಶ್ ಕೇಳಿದ್ದು ಅಲ್ಲಿಯವರೆಗೂ ಕೇಳಿಸಿತು, ಹರಿಶ್ಚಂದ್ರಣ್ಣನ ಆ ತಾಮ್ರದ ಫಲಕ ಈಗ ಹಿಂದೆ ಕಾಣುವುದಿಲ್ಲವಲ್ಲ ಎಂದು.

"ಇಲ್ಲೇ ಉಂಟು ಯೋಗೀಶಣ್ಣ," ಎಂದಳು ವಿಮಲಾ. "ಅದು ಇರುವುದರಿಂದಲೇ ಈ ಮನೆಯಲ್ಲಿ ನೆಟ್ ನಿಂತಿರುವುದು."

ಎಲ್ಲರೂ ಆಹಾ ಎಂದರು. ನನಗೂ ಎದೆ ತುಂಬಿಬಂತು. ಸೌಟಿನ ಚಿತ್ರದ ಬದಿ ಮೇಲಿದೆಯೋ ಕೆಳಗಿದೆಯೋ ಎಂಬುದು ಗೊತ್ತಿರುವವರು ನಾವು ಮನೆಯ ಮೂವರು ಮತ್ತು ಕೌಶಲ್ ಮಾತ್ರ. ಕೆಳಗಿದೆ. ಮೇಲ್ಮುಖವಾಗಿಟ್ಟರೆ ನನ್ನ ಹೆಸರಿನ ಉಬ್ಬಿಗೆ ಡಬ್ಬಿ ಓಲಾಡುತ್ತದಂತೆ.