ಹಳದಿ-ಕೆಂಪು ಹೊದ್ದ ಹವಾಯಿ ದೊರೆಯ ಮೇಲೊಂದು ದೂರು

ಮಾನ್ಯರೇ, ಶ್ರೀಮನ್ಮಹಾರಾಜ ಕಮೆಹಮೆಹಾ ಅವರೇ,

ಪರದೇಶದ ಈ ವಿಟ್ಬಿ ಊರಿನ ನಮ್ಮ ಪಾರ್ಕಿನಲ್ಲಿ ಕಟ್ಟೆಯ ಮೇಲೆ ನಿಂತಿರುವ ತಮಗೆ ಎದುರು ಮನೆಯ ದೀಪಶ್ರೀ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಹಿಮ ಇನ್ನೂ ಕರಗಿಲ್ಲವಾದ್ದರಿಂದ ಸಾಷ್ಟಾಂಗವನ್ನು ಅಡುಗೆಮನೆ ಕಿಟಕಿಯಿಂದಲೇ ಸ್ವೀಕರಿಸಬೇಕಾಗಿ ಪ್ರಾರ್ಥನೆ.

ಹವಾಯಿಯ ದ್ವೀಪಗಳನ್ನೆಲ್ಲ ಒಂದೇ ರಾಜ್ಯವಾಗಿ ಕಟ್ಟಿದ ತಮ್ಮ ಪ್ರತಿಮೆಯನ್ನು, ಅಲ್ಲಿಂದ ಬಂದು ಇಲ್ಲಿ ನೆಲೆಸಿದ ಕುಟುಂಬವೊಂದು ಪ್ರೀತಿಯಿಂದ ಊರಿಗೆ ಕೊಟ್ಟದ್ದೆಂದು ಬಲ್ಲೆ. ಮೈನಸ್ ಇಪ್ಪತ್ತರ ಚಳಿಯಲ್ಲೂ ಬರಿಗಾಲಲ್ಲಿ ಈಟಿ ಹಿಡಿದು ನಿಲ್ಲುವ ತಮ್ಮ ಗಟ್ಟಿತನದ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರಿರುವುದು ತಮ್ಮ ಹೊದಿಕೆಯ ಬಗ್ಗೆ. ಹೆಗಲ ಮೇಲೆ ಹಳದಿ, ಕೆಳಗೆ ಕೆಂಪು! ಆರು ತಿಂಗಳಿಗೆಂದು ಮಂಡ್ಯದಿಂದ ಬಂದ ನಮ್ಮ ಅತ್ತೆ ಕಮಲಮ್ಮನವರು ಮೊದಲ ದಿನವೇ ತಮ್ಮನ್ನು ನೋಡಿ, "ನಮ್ ಬಾವುಟ್ವೇ ಹೊದ್ಕೊಂಡವ್ನೆ, ಇವ ನಮ್ಮೋನೇ ಕಣವ್ವ" ಎಂದು ತೀರ್ಪು ಕೊಟ್ಟರು. ನಾನು ಅರ್ಧ ಗಂಟೆ ಇತಿಹಾಸ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಮರುದಿನ ತಮಗೆ ಸೇವಂತಿಗೆ ಹಾರ ಹಾಕಿದರು. ರಾಜ್ಯೋತ್ಸವದಂದು ಕನ್ನಡ ಕೂಟದವರೆಲ್ಲ ತಮ್ಮ ಮುಂದೆಯೇ ನಾಡಗೀತೆ ಹಾಡಿದರು. ದೂರು ಕೊಡೋಣವೆಂದು ಪ್ರತಿಮೆ ಕೊಟ್ಟ ಮನೆಯವರನ್ನು ಹುಡುಕಿ ಹೋದರೆ, ದೊರೆಗೆ ಹಾರ ಹಾಕುವುದು ಹವಾಯಿಯಲ್ಲೂ ಪದ್ಧತಿಯೆಂದು ಹಿಗ್ಗಿ, ಅತ್ತೆಯನ್ನೇ ಊಟಕ್ಕೆ ಕರೆದರು.

ಇಷ್ಟನ್ನೂ ಸಹಿಸಿದೆ. ಆದರೆ ನನ್ನ ಮಗಳು ಸಾಹಿತ್ಯ! ಎಂಟು ವರ್ಷ, ಹುಟ್ಟಿದ್ದು ಇಲ್ಲೇ, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಶನಿವಾರ ಬೇಸ್‌ಮೆಂಟಿನಲ್ಲಿ ಊರ ಮಕ್ಕಳಿಗೆಲ್ಲ ಕನ್ನಡ ಪಾಠ ಮಾಡುವ ನನಗೆ, ಸ್ವಂತ ಮಗಳ ಬಾಯಲ್ಲಿ 'ಹಸಿವಾಗ್ತಿದೆ' ಎಂದು ಕೇಳುವ ಯೋಗವಿಲ್ಲ. ಅಂಥವಳು, ಈ ರಾಜನಿಗೆ ಕನ್ನಡ ಬಿಟ್ಟು ಬೇರೆ ಬಾರದೆಂದು ಅಜ್ಜಿ ಹೇಳಿದ್ದೇ ತಡ, ಸ್ಕೂಲ್ ಬಸ್ಸಿಳಿದು ನೇರವಾಗಿ ತಮ್ಮ ಕಟ್ಟೆ ಹತ್ತಿ, ದಿನದ ಸಮಾಚಾರವನ್ನೆಲ್ಲ ಕನ್ನಡದಲ್ಲಿ ಒಪ್ಪಿಸುತ್ತಾಳೆ. ನನಗೆ ಹೊಟ್ಟೆಕಿಚ್ಚು, ಮುಚ್ಚುಮರೆ ಏಕೆ?

ಆದ್ದರಿಂದ ತಾವು ಈಟಿಯನ್ನು ಪಕ್ಕಕ್ಕಿಟ್ಟು ನಮ್ಮ ಶನಿವಾರದ ತರಗತಿಗೆ ಮೇಷ್ಟರಾಗಿ ಬರಬೇಕು, ಇಲ್ಲವೇ ಒಂದೇ ಒಂದು ಸಲ ಅವಳನ್ನು ಇಂಗ್ಲಿಷಿನಲ್ಲಿ ಗದರಿಸಿ ನನ್ನ ಬಳಿಗೆ ಅಟ್ಟಬೇಕೆಂದು ಕೇಳಿಕೊಳ್ಳಲು ನಿನ್ನೆ ಬಂದು ತಮ್ಮ ಬೆನ್ನ ಹಿಂದೆ ನಿಂತಿದ್ದೆ. ಆಗ ಅವಳು ತಮಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ರಾಜಾ, ಅಮ್ಮಂಗೆ ಕನ್ನಡದಲ್ಲಿ ಹೇಳಿದ್ರೆ ರಾಂಗ್ ರಾಂಗ್ ಅಂತ ಸ್ಟಾಪ್ ಮಾಡ್ತಾಳೆ. ನೀನು ಫುಲ್ ಕೇಳ್ತೀಯ."

ನಾಚಿಕೆಯಾಯಿತು. ಬಂದ ದಾರಿಯಲ್ಲೇ ಮನೆಗೆ ಹೋದೆ.

ಬರುವ ವಾರ ಅತ್ತೆ ಮಂಡ್ಯಕ್ಕೆ ಹೊರಡುತ್ತಾರೆ. ತಮ್ಮನ್ನೂ ಬಣ್ಣ ಬಳಿಯಲೆಂದು ಪಾರ್ಕಿನವರು ಒಂದು ತಿಂಗಳು ಒಯ್ಯುತ್ತಾರಂತೆ. ಆ ತಿಂಗಳು ತಮ್ಮ ಕಟ್ಟೆಯ ಮೇಲೆ ನಾನು ನಿಲ್ಲಲು ಅಪ್ಪಣೆಯಾಗಬೇಕು. ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ.

ಸೋತು ಸುಣ್ಣವಾದರೂ ತಮ್ಮ ವಿಶ್ವಾಸಿ,
ದೀಪಶ್ರೀ

ತಾ.ಕ.: ಬೇರೆ ಬಣ್ಣ ಬಳಿಸಿಕೊಂಡು ಬಂದೀರಿ, ಜೋಕೆ, ಅತ್ತೆ ಮಂಡ್ಯದಿಂದಲೇ ವಿಚಾರಿಸಿಕೊಳ್ಳುತ್ತಾರೆ. ಅಂದಹಾಗೆ, ಕಟ್ಟೆಯ ಫಲಕದಲ್ಲಿ ತಮ್ಮ ಹೆಸರಿನ ಕೆಳಗೆ ಸಾಹಿತ್ಯ ಕನ್ನಡದಲ್ಲಿ ಏನೋ ಗೀಚಿದ್ದಾಳೆ. ಎರಡು ತಪ್ಪಿವೆ. ಹುಟ್ಟುಗುಣ ಸುಟ್ಟರೂ ಹೋಗದು, ಪೆನ್ನು ಹಿಡಿದೇ ಹೋಗಿದ್ದೆ, ತಿದ್ದಲಿಲ್ಲ.